ಸಚಿವರೇ, 50.2 ಅನ್ನುವ ಅಂಕಿಯ ಕತೆ ಸ್ವಲ್ಪ ಕೇಳಿ

ಮಾನ್ಯ ಇಂಧನ ಮತ್ತು ಪರಿಸರ ಸಚಿವರಿಗೆ,

ನಮಸ್ಕಾರ. ನಾನು ಸೋಲಾರ್ ಇನ್ವರ್ಟರ್‌ಗಳನ್ನು, ಅಂದರೆ ಪ್ಯಾನೆಲ್‌ನ ಕರೆಂಟನ್ನು ವಿದ್ಯುತ್ ಜಾಲಕ್ಕೆ (ಗ್ರಿಡ್‌ಗೆ) ಹೊಂದುವಂತೆ ಬದಲಿಸುವ ಡಬ್ಬಿಗಳನ್ನು, ಪರೀಕ್ಷೆ ಮಾಡುವ ಎಂಜಿನಿಯರ್. ನಿಮ್ಮ ಮೇಜಿಗೆ ಬರುವ ಕಡತಗಳಲ್ಲಿ ನಮ್ಮಂಥವರ ಹೆಸರು ಇರುವುದಿಲ್ಲ. ನಾವು ದಿನಾ ಗುದ್ದಾಡುವ ಅಂಕಿಗಳು ಮಾತ್ರ ಇರುತ್ತವೆ. ಅಂಥದ್ದೇ ಒಂದು ಅಂಕಿಯ ಕತೆ ಇದು.

ಯುರೋಪಿನ ಗ್ರಿಡ್ ನಡೆಯುವುದು 50 ಹರ್ಟ್ಜ್‌ನಲ್ಲಿ, ಅಂದರೆ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ತೂಗುತ್ತದೆ. ಬಳಕೆಗಿಂತ ಉತ್ಪಾದನೆ ಜಾಸ್ತಿಯಾದರೆ ಈ ಅಂಕಿ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಜರ್ಮನಿಯಲ್ಲಿ ಸೋಲಾರ್ ಇನ್ನೂ ಚಿಕ್ಕದಿದ್ದಾಗ ಒಂದು ನಿಯಮವಿತ್ತು: 50.2 ದಾಟಿದ ತಕ್ಷಣ ಇನ್ವರ್ಟರ್ ಗ್ರಿಡ್‌ನಿಂದ ಕಳಚಿಕೊಳ್ಳಬೇಕು. ಆಗ ಅದು ಸರಿಯಾಗಿಯೇ ಇತ್ತು. ನಾಲ್ಕು ಪ್ಯಾನೆಲ್ ಆಫ್ ಆದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಪ್ರತಿ ಯೂನಿಟ್‌ಗೂ ನಿಗದಿತ ದರ ಕೊಡುವ 2000ದ ಕಾಯ್ದೆಯಿಂದ ಪ್ಯಾನೆಲ್‌ಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಹೋದವು. ನಿಯಮ ಮಾತ್ರ ಇದ್ದಲ್ಲೇ ಇತ್ತು.

ಮುಂದೇನಾಗಬಹುದು ಅಂತ ನಮ್ಮ ಲ್ಯಾಬಿನ ಬೆಂಚ್ ಮೇಲೇ ತೋರಿಸಬಹುದು. ಹಳೇ ಸೆಟ್ಟಿಂಗಿನ ಒಂದು ಇನ್ವರ್ಟರ್ ಅನ್ನು ಕೃತಕ ಗ್ರಿಡ್‌ಗೆ ಜೋಡಿಸಿ ನಾಬ್ ತಿರುಗಿಸುತ್ತೇವೆ. 50.10. ಏನೂ ಆಗುವುದಿಲ್ಲ. 50.15. 50.19. ಫ್ಯಾನಿನ ಗುಂಯ್ ಸದ್ದು ಹಾಗೇ ಇರುತ್ತದೆ. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿ. ಟಕ್! ಒಳಗಿನ ಸ್ವಿಚ್, ಅಂದರೆ ರಿಲೇ, ಬಿಟ್ಟುಕೊಳ್ಳುತ್ತದೆ, ಕರೆಂಟ್ ಸೊನ್ನೆ. ಇದು ಒಂದು ಡಬ್ಬಿಯ ಸದ್ದು. ಲಕ್ಷಗಟ್ಟಲೆ ಡಬ್ಬಿಗಳು ಒಂದೇ ಕ್ಷಣದಲ್ಲಿ ಟಕ್ ಅಂದರೆ? ಕರೆಂಟು ಹೆಚ್ಚಾಗಿ ಒದ್ದಾಡುತ್ತಿದ್ದ ಗ್ರಿಡ್ ಮರುಗಳಿಗೆಯೇ ಕೊರತೆಗೆ ಬೀಳುತ್ತದೆ.

ಕೊನೆಗೆ 2012ರಲ್ಲಿ ಜರ್ಮನಿ ಸುಮಾರು 3 ಲಕ್ಷ ಹಳೇ ಘಟಕಗಳನ್ನು ತಿದ್ದಿಸಲು ಆದೇಶ ಮಾಡಿತು. ಹೊಸ ನಿಯಮ ಸರಳ: ಒಮ್ಮೆಲೇ ಆಫ್ ಆಗಬೇಡ, ಹರ್ಟ್ಜ್ ಏರಿದಷ್ಟೂ ಉತ್ಪಾದನೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸು. ಎಷ್ಟೋ ಕಡೆ ಬದಲಾಗಬೇಕಿದ್ದದ್ದು ಬರೀ ಸೆಟ್ಟಿಂಗ್. ಮೊದಲೇ ಮಾಡಿದ್ದರೆ ಫ್ಯಾಕ್ಟರಿಯಲ್ಲೇ ಮುಗಿಯುತ್ತಿತ್ತು, ಅಲ್ವಾ?

ನಿಯಮ ಬರೆದವರು ದಡ್ಡರಾಗಿರಲಿಲ್ಲ. "ಸೋಲಾರ್ ಇಷ್ಟು ಮೆಗಾವ್ಯಾಟ್ ದಾಟಿದರೆ ಇದನ್ನು ಮತ್ತೆ ನೋಡಿ" ಅನ್ನುವ ಒಂದು ಸಾಲು ಅದರಲ್ಲಿ ಇರಲಿಲ್ಲ, ಅಷ್ಟೇ.

ಡೆನ್ಮಾರ್ಕ್ ಗಾಳಿಯಂತ್ರಗಳ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. 1978ರಲ್ಲಿ ರಿಸೋ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಾ ಘಟಕ ತೆರೆಯಿತು. ಮರುವರ್ಷ ಯಂತ್ರ ಕೊಳ್ಳುವವರಿಗೆ 30% ಸಬ್ಸಿಡಿ ಬಂತು. ಆದರೆ ರಿಸೋ ಒಪ್ಪಿದ ಯಂತ್ರಕ್ಕೆ ಮಾತ್ರ. ಬಿರುಗಾಳಿಗೆ ಯಂತ್ರ ಕೈಮೀರಿ ಸುತ್ತಿ ಮುರಿಯುತ್ತದೆ ಅಂತ ಎಂಜಿನಿಯರ್‌ಗಳು ಕಂಡುಕೊಂಡರೆ, ಬ್ರೇಕ್ ಇಲ್ಲದ ಯಂತ್ರಕ್ಕೆ ದುಡ್ಡಿಲ್ಲ. ಸಂಶೋಧನೆಗೂ ಖಜಾನೆಗೂ ನಡುವೆ ಇದ್ದದ್ದು ಒಂದೇ ಸಹಿ. ಅದೇ ಹೊತ್ತಿಗೆ ಜರ್ಮನಿ 100 ಮೀಟರ್ ಅಗಲದ ರೋಟರಿನ (ಸುತ್ತುವ ರೆಕ್ಕೆಗಳ ಚಕ್ರದ) ಗ್ರೋವಿಯಾನ್ ಅನ್ನುವ ದೈತ್ಯ ಯಂತ್ರ ಕಟ್ಟಿತು. 1983ರಿಂದ 1987ರವರೆಗೆ ಅದು ಓಡಿದ್ದು ಸುಮಾರು 420 ಗಂಟೆ. ಡೆನ್ಮಾರ್ಕಿನವರ ಪುಟ್ಟ ಯಂತ್ರಗಳು ಮಾತ್ರ ತಿದ್ದಿಕೊಳ್ಳುತ್ತಾ ತಿದ್ದಿಕೊಳ್ಳುತ್ತಾ ಬೆಳೆದವು.

ತಪ್ಪು ನಮ್ಮದೂ ಇದೆ, ಮುಚ್ಚಿಡುವುದಿಲ್ಲ. 12 ಪುಟದ ಪ್ರಬಂಧ ಬರೆದು, ನಮ್ಮಂಥ ನಾಲ್ಕು ಜನ ಓದಿದರೆ ಸಾಕು ಅಂತ ಸುಮ್ನೆ ಕೂರುತ್ತೇವೆ. ಕೊನೆಯಲ್ಲಿ "ನೀತಿ ರೂಪಿಸುವವರಿಗೆ ಉಪಯೋಗವಾಗಬಹುದು" ಅಂತ ಒಂದು ಸಾಲು. ಯಾವ ನಿಯಮದ ಯಾವ ಅಂಕಿ ಬದಲಾಗಬೇಕು ಅಂತ ಮಾತ್ರ ಬರೆಯುವುದಿಲ್ಲ. ಒಮ್ಮೆ ನಾನು ಹಾಗೆ ಬರೆದು ಒಂದು ಕಚೇರಿಗೆ ಕಳಿಸಿದ್ದೆ. "ಸೂಕ್ತ ಹಂತದಲ್ಲಿ ಪರಿಶೀಲಿಸಲಾಗುವುದು" ಅಂತ ಉತ್ತರ ಬಂತು. ಆ ಹಂತ ಇನ್ನೂ ಬಂದಿಲ್ಲ.

ನಿಯಮ ಬಂದ ಮೇಲೂ ಅಳೆಯುತ್ತಿರಬೇಕು. ಫೋಕ್ಸ್‌ವ್ಯಾಗನ್‌ನ ಡೀಸೆಲ್ ಕಾರುಗಳು ಲ್ಯಾಬ್ ಪರೀಕ್ಷೆಯಲ್ಲಿ ಪಾಸಾಗಿದ್ದವು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಎಂಜಿನಿಯರ್‌ಗಳು ಅಳೆಯುವ ಯಂತ್ರವನ್ನು ಕಾರಿಗೇ ಕಟ್ಟಿಕೊಂಡು ರಸ್ತೆಗಿಳಿದಾಗ, ಒಂದು ಕಾರು ಮಿತಿಗಿಂತ 35 ಪಟ್ಟಿನವರೆಗೆ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿತ್ತು. 2015ರಲ್ಲಿ ಹಗರಣ ಹೊರಬಂದದ್ದು ಈ ಎಳೆ ಹಿಡಿದೇ.

ನಾನು ಕೇಳುವುದು ದೊಡ್ಡದೇನಲ್ಲ. ನಿಯಮದಲ್ಲಿ ಪ್ರತಿ ಅಂಕಿಯ ಪಕ್ಕ ಅದು ಎಲ್ಲಿಂದ ಬಂತು, ಯಾವಾಗ ಮತ್ತೆ ನೋಡಬೇಕು ಅಂತ ಬರೆಸಿ. ಸಂಶೋಧನೆಗೆ ಕೊಡುವ ಹಣದಲ್ಲಿ ಒಂದು ಪಾಲು, ನಿಯಮ ಜಾರಿಯಾದ ಮೇಲೆ ಹೊರಗೆ ಹೋಗಿ ಅಳೆಯುವುದಕ್ಕೆ ಇರಲಿ. ಮುಂದಿನ ಕರಡು ಗೆಜೆಟ್‌ಗೆ ಹೋಗುವ ಮುಂಚೆ ಒಂದು ವಾರ ನಮ್ಮ ಬೆಂಚ್ ಮೇಲೆ ಇರಲಿ. ಅಧಿಕಾರಿಗಳ ಜೊತೆ ನೀವೂ ಬನ್ನಿ. ನಾಬ್ ನಿಮ್ಮ ಕೈಗೇ ಕೊಡುತ್ತೇವೆ.

ಇಂತಿ,
ಇನ್ವರ್ಟರ್ ಪರೀಕ್ಷಿಸುವ ಒಬ್ಬ ಎಂಜಿನಿಯರ್