ಮತದಾರರು ಯಾವ ಪಕ್ಷದ ಸ್ವತ್ತೂ ಅಲ್ಲ

ಮಾನ್ಯ ಸಂಪಾದಕರೆ,

ಅಮೆರಿಕದಲ್ಲಿರುವ ಭಾರತೀಯರೆಲ್ಲ ಒಂದೇ ಪಕ್ಷದ ಮತಬ್ಯಾಂಕ್ ಎಂಬಂತೆ ವರದಿಗಳು ಬರುತ್ತಿರುವುದು ಸರಿಯಲ್ಲ. ನಾನಿರುವ, ಭಾರತೀಯರು ಸಾಕಷ್ಟು ಮಂದಿ ಇರುವ ವರ್ಜೀನಿಯಾದ ಲೌಡನ್ ಕೌಂಟಿಯನ್ನೇ (ಜಿಲ್ಲೆಯಂಥ ಆಡಳಿತ ಘಟಕ) ನೋಡಿ. ವಾಷಿಂಗ್ಟನ್ ಹೊರವಲಯದ ಈ ಕೌಂಟಿ 2004ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಬುಷ್ ಕೈ ಹಿಡಿದಿತ್ತು, 2008ರಲ್ಲಿ ಡೆಮಾಕ್ರಟಿಕ್ ಪಕ್ಷದ ಒಬಾಮ ಕಡೆ ವಾಲಿತು. 2020ರಲ್ಲಿ ಅದೇ ಪಕ್ಷದ ಬೈಡನ್ ಅವರಿಗೆ ಶೇ 61ಕ್ಕೂ ಜಾಸ್ತಿ ಮತ ಕೊಟ್ಟಿತು. ಮರುವರ್ಷವೇ, ಶಾಲೆಗಳಲ್ಲಿ ಏನು ಕಲಿಸಬೇಕು ಎಂಬ ಜಗಳ ಜೋರಾಗಿದ್ದಾಗ ನಡೆದ ಗವರ್ನರ್ ಚುನಾವಣೆಯಲ್ಲಿ, ಡೆಮಾಕ್ರಟಿಕ್ ಪಕ್ಷದ ಪಾಲು ಶೇ 55ರ ಆಸುಪಾಸಿಗೆ ಇಳಿಯಿತು. ಇಷ್ಟು ಬೇಗ ಮನಸ್ಸು ಬದಲಿಸುವವರನ್ನು ಮತಬ್ಯಾಂಕ್ ಅನ್ನೋದು ಹೇಗೆ?

ವರ್ಜೀನಿಯಾದಲ್ಲಿ ಮತದಾರರ ನೋಂದಣಿ ಮಾಡಿಸುವಾಗ ಪಕ್ಷದ ಹೆಸರು ಬರೆಯಬೇಕಾಗಿಯೇ ಇಲ್ಲ. ಹಾಗಿರುವಾಗ ನಾವಾಗಿಯೇ ಹಣೆಪಟ್ಟಿ ಕಟ್ಟಿಕೊಳ್ಳುವುದು ಯಾಕೆ? ಆಶ್‌ಬರ್ನ್‌ನಲ್ಲಿ ಮನೆಗಳ ಹಿಂದೆಯೇ ಡೇಟಾ ಸೆಂಟರ್‌ಗಳ (ಇಂಟರ್ನೆಟ್ ಕಂಪ್ಯೂಟರ್‌ಗಳನ್ನು ಇಡುವ ಕಟ್ಟಡಗಳು) ದೊಡ್ಡ ದೊಡ್ಡ ಗೋಡೆಗಳು ಎದ್ದಿವೆ. ಅವುಗಳಿಂದ ಕೌಂಟಿಗೆ ಒಳ್ಳೆಯ ತೆರಿಗೆ ಬರುತ್ತದೆ, ನಿಜ. ಆದರೆ ಅವುಗಳ ಸದ್ದಿಗೆ, ಹೈಟೆನ್ಷನ್ ತಂತಿಗಳಿಗೆ ಮಿತಿ ಹಾಕುವವರು ಯಾರು? ನಮ್ಮ ಜನ ಕೇಳಬೇಕಾದ್ದು ಇದನ್ನೇ ಅಲ್ವಾ?

ಕೌಂಟಿ ಮಂಡಳಿಗೆ 2027ರಲ್ಲಿ ಚುನಾವಣೆ ಇದೆ. ಇಲ್ಲಿನ ಕನ್ನಡ ಸಂಘಗಳು ಎರಡೂ ಪಕ್ಷದ ಅಭ್ಯರ್ಥಿಗಳನ್ನು ಒಂದೇ ವೇದಿಕೆಗೆ ಕರೆಸಿ, ಜನರು ನೇರವಾಗಿ ಪ್ರಶ್ನೆ ಕೇಳಲು ಅವಕಾಶ ಮಾಡಿಕೊಡಲಿ.

– ಓದುಗ, ಆಶ್‌ಬರ್ನ್, ವರ್ಜೀನಿಯಾ