ಪಂಚಾಂಗದ ಅಂಕಣದಲ್ಲಿ ಶ್ರಾದ್ಧ ತಿಥಿಗೂ ಒಂದು ಸಾಲು ಕೊಡಿ

ಮಾನ್ಯರೇ,

ಪತ್ರಿಕೆಯಲ್ಲಿ ಬರುವ ದಿನದ ಪಂಚಾಂಗ ನೋಡಿಯೇ ಅಪ್ಪ ಅಮ್ಮನ ಶ್ರಾದ್ಧದ ದಿನ ಗೊತ್ತುಮಾಡಿಕೊಳ್ಳುವ ಮನೆಗಳು ಬಹಳ ಇವೆ. ಆ ಅಂಕಣದಲ್ಲಿ ಸಂವತ್ಸರ, ಮಾಸ, ತಿಥಿ, ನಕ್ಷತ್ರ, ರಾಹುಕಾಲ, ಗುಳಿಕಕಾಲ ಎಲ್ಲ ಇರುತ್ತದೆ. ಶ್ರಾದ್ಧ ತಿಥಿ ಮಾತ್ರ ಇರುವುದಿಲ್ಲ. ಅಲ್ಲಿ ಅಚ್ಚಾಗುವುದು ಸೂರ್ಯೋದಯದ ಹೊತ್ತಿಗೆ ಇರುವ ತಿಥಿ. ಶ್ರಾದ್ಧಕ್ಕೆ ಬೇಕಾದದ್ದು ಅಪರಾಹ್ಣದಲ್ಲಿರುವ ತಿಥಿ. ಎರಡೂ ಒಂದೇ ಆಗಿರುವ ದಿನ ತೊಂದರೆಯಿಲ್ಲ. ಬೇರೆ ಬೇರೆಯಾದ ದಿನ ಮನೆಮಂದಿ ರಜೆ ಹಾಕಿ, ಊರಿಂದ ಬಂದು, ಮಡಿಯಲ್ಲಿ ಅಡುಗೆ ಮಾಡಿ, ಇಷ್ಟೆಲ್ಲ ಶ್ರದ್ಧೆಯಿಂದ ತಪ್ಪು ದಿನ ಶ್ರಾದ್ಧ ಮಾಡುತ್ತಾರೆ.

ಲೆಕ್ಕ ಕಷ್ಟದ್ದಲ್ಲ. ಹಗಲನ್ನು, ಅಂದರೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು, ಐದು ಸಮಭಾಗ ಮಾಡಬೇಕು: ಪ್ರಾತಃಕಾಲ, ಸಂಗವ, ಮಧ್ಯಾಹ್ನ, ಅಪರಾಹ್ಣ, ಸಾಯಾಹ್ನ. ಹಗಲು ಸರಿಯಾಗಿ 6ರಿಂದ 6 ಇದ್ದರೆ ಒಂದೊಂದು ಭಾಗ 2 ಗಂಟೆ 24 ನಿಮಿಷ, ಅಪರಾಹ್ಣ 1.12ರಿಂದ 3.36. ತಂದೆ, ತಾತ, ಮುತ್ತಾತ ಎಂದು ಮೂರು ತಲೆಮಾರಿಗೆ ಮಾಡುವ ಪಾರ್ವಣ ಶ್ರಾದ್ಧಕ್ಕೆ ಈ ಹೊತ್ತಿನಲ್ಲಿ ಇರುವ ತಿಥಿಯೇ ಪ್ರಮಾಣ. ಒಬ್ಬರನ್ನೇ ಉದ್ದೇಶಿಸಿದ ಏಕೋದ್ದಿಷ್ಟಕ್ಕಾದರೆ ಮಧ್ಯಾಹ್ನದ ಭಾಗವನ್ನು ನೋಡುತ್ತಾರೆ.

2025ರ ಪಿತೃಪಕ್ಷವನ್ನೇ, ಅಂದರೆ ಮಹಾಲಯ ಪಕ್ಷವನ್ನೇ, ತೆಗೆದುಕೊಳ್ಳಿ. ದೃಗ್ಗಣಿತದ, ಅಂದರೆ ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದಿಸಿದ ಗಣಿತದ, ಪ್ರಕಾರ ಸೆಪ್ಟೆಂಬರ್ 10ರ ಮಧ್ಯಾಹ್ನ 3.37ಕ್ಕೆ ತದಿಗೆ ಮುಗಿದು ಚೌತಿ ಬಂತು. ಚೌತಿ ಮುಗಿದದ್ದು ಮರುದಿನ 11ರ ಮಧ್ಯಾಹ್ನ 12.45ಕ್ಕೆ. ಬೆಂಗಳೂರಿನಲ್ಲಿ ಆ ದಿನಗಳ ಅಪರಾಹ್ಣ ಸುಮಾರು 1.30ರಿಂದ 3.57. ಹನ್ನೊಂದರಂದು ಅಪರಾಹ್ಣ ಶುರುವಾಗುವ ಮುಂಚೆಯೇ ಚೌತಿ ಹೋಗಿತ್ತು. ಹತ್ತರಂದು ಇಪ್ಪತ್ತು ನಿಮಿಷವಾದರೂ ಸಿಕ್ಕಿತು. ಹಾಗಾಗಿ ತದಿಗೆ, ಚೌತಿ ಎರಡರ ಶ್ರಾದ್ಧವೂ 10ಕ್ಕೇ. ಸೂರ್ಯೋದಯದ ತಿಥಿ ಮಾತ್ರ ನೋಡಿದವರಿಗೆ 11 ಚೌತಿ. ಅವರು ಚೌತಿ ಎಂದುಕೊಂಡು ಮಾಡಿದ ದಿನ ನಿಜವಾಗಿ ಪಂಚಮಿಯ ಶ್ರಾದ್ಧದ ದಿನ.

ಅದಕ್ಕಿಂತ ಹೆಚ್ಚಿನ ಗೊಂದಲ ಸಪ್ತಮಿಯದು. ಅದು 13ರ ಬೆಳಿಗ್ಗೆ 7.23ಕ್ಕೆ, ಅಂದರೆ ಸೂರ್ಯ ಹುಟ್ಟಿದ ಮೇಲೆ ಬಂತು. 14ರ ನಸುಕಿನ 5.04ಕ್ಕೆ, ಸೂರ್ಯ ಹುಟ್ಟುವ ಮುಂಚೆ ಹೋಯಿತು. ಯಾವ ಸೂರ್ಯೋದಯವನ್ನೂ ಮುಟ್ಟದ ಇಂಥ ತಿಥಿಗೆ ಕ್ಷಯ ತಿಥಿ ಎನ್ನುತ್ತಾರೆ. ಉದಯದ ತಿಥಿ ಒಂದನ್ನೇ ಅಚ್ಚು ಮಾಡುವ ಗೋಡೆ ಕ್ಯಾಲೆಂಡರಿನಲ್ಲಿ 13 ಷಷ್ಠಿ, 14 ಅಷ್ಟಮಿ, ಸಪ್ತಮಿಯೇ ಇಲ್ಲ. ಆದರೆ 13ರ ಅಪರಾಹ್ಣ ಪೂರ್ತಿ ಸಪ್ತಮಿ ಇತ್ತು. ಸಪ್ತಮಿಯಂದು ತೀರಿಕೊಂಡವರ ಮಕ್ಕಳು 'ಈ ವರ್ಷ ನಮ್ಮ ತಿಥಿಯೇ ಬಂದಿಲ್ಲ' ಎಂದು ಅಮಾವಾಸ್ಯೆಗೆ ಮುಂದೂಡುವುದು ಹೀಗೆ.

ತಿಥಿಯೊಂದು ಸುಮಾರು 20 ಗಂಟೆಯಿಂದ ಸುಮಾರು 27 ಗಂಟೆಯವರೆಗೂ ಇರಬಹುದು. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯಲು ಹಿಡಿಯುವ ಹೊತ್ತು ಅದು, ಚಂದ್ರನ ವೇಗ ದಿನದಿನಕ್ಕೂ ಬೇರೆ. ಆದ್ದರಿಂದ ಎರಡು ದಿನದ ಅಪರಾಹ್ಣದಲ್ಲೂ ಒಂದೇ ತಿಥಿ ಕಾಣಬಹುದು, ಯಾವ ದಿನದ ಅಪರಾಹ್ಣಕ್ಕೂ ಸಿಗದೆಯೂ ಹೋಗಬಹುದು. ಎರಡೂ ದಿನ ಇದ್ದರೆ ಹೆಚ್ಚು ಹೊತ್ತು ಇರುವ ದಿನ ಹಿಡಿಯಬೇಕು. ಎರಡೂ ದಿನ ಸಿಗದಿದ್ದರೆ ಹಿಂದಿನ ದಿನ. ಸಮ ಬಂದರೆ ಇನ್ನೂ ಸೂಕ್ಷ್ಮ ನಿಯಮಗಳಿವೆ, ಅದನ್ನು ಮನೆಯ ಪುರೋಹಿತರಿಗೇ ಬಿಡುವುದು ಒಳ್ಳೆಯದು.

ಪಂಚಾಂಗದಿಂದ ಪಂಚಾಂಗಕ್ಕೆ ತಿಥಿ ಮುಗಿಯುವ ಹೊತ್ತು ಬೇರೆಯಾಗುವುದೂ ಉಂಟು. ಸೂರ್ಯಸಿದ್ಧಾಂತ ಎಂಬ ಹಳೆಯ ಗ್ರಂಥದ ಗಣಿತಕ್ಕೂ ದೃಗ್ಗಣಿತಕ್ಕೂ ಕೆಲವು ದಿನ ಗಂಟೆಗಟ್ಟಲೆ ಅಂತರ ಬೀಳುತ್ತದೆ. ಅಣ್ಣ ಮೊಬೈಲಿನಲ್ಲಿ ನೋಡಿ ಒಂದು ದಿನ, ತಮ್ಮ ಮಠದ ಪಂಚಾಂಗ ನೋಡಿ ಇನ್ನೊಂದು ದಿನ ಮಾಡಿದರೆ ಅದರಲ್ಲಿ ಯಾರ ತಪ್ಪೂ ಇಲ್ಲ, ಮೂಲವೇ ಬೇರೆ. ಮನೆತನ ಯಾವ ಪಂಚಾಂಗ ಹಿಡಿದು ಬಂದಿದೆಯೋ ಅದನ್ನೇ ಎಲ್ಲ ಮಕ್ಕಳೂ ಹಿಡಿಯಬೇಕು. ಮೇಲುಕೋಟೆ, ಮೈಸೂರು ಕಡೆಯ ಅಯ್ಯಂಗಾರ್ ಮನೆಗಳಲ್ಲಿ ಚಾಂದ್ರಮಾಸದ ಬದಲು ಸೌರಮಾಸ ಹಿಡಿದು ಅದರಲ್ಲಿ ತಿಥಿ ನೋಡುತ್ತಾರೆ. ಅವರಿಗೆ ಚೈತ್ರ, ವೈಶಾಖ ಎಂಬ ಪಟ್ಟಿಯಿಂದ ಪ್ರಯೋಜನವಿಲ್ಲ, ಮೇಷ, ವೃಷಭ ಎಂಬ ಲೆಕ್ಕ ಬೇಕು.

ಇಷ್ಟೆಲ್ಲ ಸರಿಯಾಗಿದ್ದರೂ ಮೊದಲ ದಿನವೇ ತಿಥಿ ತಪ್ಪಾಗಿ ಬರೆದಿಟ್ಟಿದ್ದರೆ ಮುಂದೆ ಪ್ರತಿ ವರ್ಷವೂ ತಪ್ಪೇ. ತೀರಿಕೊಂಡ ಗಳಿಗೆಯಲ್ಲಿ ನಡೆಯುತ್ತಿದ್ದ ತಿಥಿ ಮುಖ್ಯ, ದಹನದ ದಿನದ್ದಲ್ಲ. ನಗರಸಭೆ ಕೊಡುವ ಮರಣ ಪ್ರಮಾಣಪತ್ರದಲ್ಲಿ ದಿನಾಂಕ ಸಿಗುತ್ತದೆ, ಗಂಟೆ ಸಿಗುವುದಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಸಮಯ ಬರೆದಿರುತ್ತಾರೆ, ಅದರದೊಂದು ಪ್ರತಿ ತೆಗೆದಿಟ್ಟುಕೊಳ್ಳಿ. ರಾತ್ರಿ ಹನ್ನೆರಡು ಹೊಡೆದರೆ ಇಂಗ್ಲಿಷ್ ದಿನಾಂಕ ಬದಲಾಗುತ್ತದೆ, ತಿಥಿಗೂ ಹನ್ನೆರಡು ಗಂಟೆಗೂ ಸಂಬಂಧವಿಲ್ಲ. ದಿನಾಂಕ, ಗಂಟೆ, ಊರು ಈ ಮೂರನ್ನು ಬರೆದಿಟ್ಟರೆ ಎಷ್ಟು ವರ್ಷ ಕಳೆದರೂ ಮಾಸ, ಪಕ್ಷ, ತಿಥಿ ಲೆಕ್ಕ ಹಾಕಬಹುದು.

ಕಾಶಿಯಲ್ಲೋ ದೆಹಲಿಯಲ್ಲೋ ತೀರಿಕೊಂಡವರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರದವರಿಗೆ ಹುಣ್ಣಿಮೆಗೆ. ಶುಕ್ಲಪಕ್ಷದಲ್ಲಿ ಎರಡೂ ಕಡೆ ಒಂದೇ ಹೆಸರು. ಕೃಷ್ಣಪಕ್ಷದಲ್ಲಿ ಅವರದು ಒಂದು ತಿಂಗಳು ಮುಂದೆ. ಅಲ್ಲಿನ ಪುರೋಹಿತರು 'ಆಶ್ವಿನ ಕೃಷ್ಣ ಪಂಚಮಿ' ಎಂದು ಬರೆದುಕೊಟ್ಟರೆ ಅದು ನಮ್ಮ ಭಾದ್ರಪದ ಬಹುಳ ಪಂಚಮಿ, ಪಿತೃಪಕ್ಷದ ಒಳಗಿನ ದಿನ. ಅದನ್ನು ಆಶ್ವಯುಜ ಬಹುಳ ಎಂದು ಓದಿಕೊಂಡವರು ದೀಪಾವಳಿಯ ಹೊಸ್ತಿಲಲ್ಲಿ ಶ್ರಾದ್ಧ ಮಾಡುತ್ತಾರೆ, ಸರಿಯಾಗಿ ಒಂದು ತಿಂಗಳು ತಡವಾಗಿ.

ವಿದೇಶದಲ್ಲಿರುವ ಮಕ್ಕಳು ಊರಿಗೆ ಫೋನ್ ಮಾಡಿ ತಾರೀಖು ಕೇಳುತ್ತಾರೆ, ಇಲ್ಲಿಯವರು ಇಲ್ಲಿನ ತಾರೀಖು ಹೇಳುತ್ತಾರೆ. ತಿಥಿ ಬದಲಾಗುವ ಗಳಿಗೆ ಭೂಮಿಗೆಲ್ಲ ಒಂದೇ, ಅಪರಾಹ್ಣ ಆಯಾ ಊರಿನದು. 2025ರ ಪಕ್ಷದ ತದಿಗೆ ಸೆಪ್ಟೆಂಬರ್ 9ರ ಸಂಜೆ ಆರೂವರೆ ಸುಮಾರಿಗೆ ನಮ್ಮಲ್ಲಿ ಶುರುವಾದಾಗ ನ್ಯೂಜೆರ್ಸಿಯಲ್ಲಿ ಅದೇ 9ರ ಬೆಳಿಗ್ಗೆ ಒಂಬತ್ತು. ಅಲ್ಲಿ 10ರ ಬೆಳಿಗ್ಗೆ ಆರು ದಾಟುತ್ತಲೇ ತದಿಗೆ ಮುಗಿಯಿತು. ಹೀಗಾಗಿ ಬೆಂಗಳೂರಿನ ಅಣ್ಣ ತದಿಗೆಯ ಶ್ರಾದ್ಧವನ್ನು 10ಕ್ಕೆ ಮಾಡಿದರೆ ನ್ಯೂಜೆರ್ಸಿಯ ತಮ್ಮ 9ಕ್ಕೆ ಮಾಡಬೇಕಿತ್ತು.

ದಿನ ಸರಿಯಾದರೆ ಸಾಲದು, ಹೊತ್ತೂ ಸರಿಯಿರಬೇಕು. ಹಗಲನ್ನು ಹದಿನೈದು ಮುಹೂರ್ತ ಮಾಡಿದರೆ ಎಂಟನೆಯದು ಕುತಪ. ಶ್ರಾದ್ಧದ ಆರಂಭ ಅಲ್ಲಿಂದ. ಆರರಿಂದ ಆರರ ಹಗಲಿಗೆ 11.36ರಿಂದ 12.24. ಮಹಾಲಯ ಅಮಾವಾಸ್ಯೆಯಂದು ಪುರೋಹಿತರು ಹತ್ತಾರು ಮನೆಗೆ ಓಡಬೇಕಾದ್ದರಿಂದ ಬೆಳಿಗ್ಗೆ ಏಳಕ್ಕೇ ಮುಗಿಸಿಬಿಡುವುದು ರೂಢಿಯಾಗಿದೆ. ಅವರ ಕಷ್ಟ ಅರ್ಥವಾಗುತ್ತದೆ, ಆದರೂ ಇದು ಸರಿಯಲ್ಲ. ಬರಿಯ ತಿಲತರ್ಪಣವಾದರೆ ಮನೆಯವರೇ ಮಧ್ಯಾಹ್ನ ಕೊಡಬಹುದು. ತರ್ಪಣ ಕೊಡುವ ಒಬ್ಬರಿಗೆ ಒಂದು ಹಿಡಿ ಕರಿಎಳ್ಳು, ಒಂದು ತಂಬಿಗೆ ನೀರು, ಮೂರು ದರ್ಭೆಯ ಪವಿತ್ರ (ಬೆರಳಿಗೆ ಹಾಕುವ ಉಂಗುರ), ಒಂದು ಕೂರ್ಚ (ಗಂಟು ಹಾಕಿದ ದರ್ಭೆಯ ಕಟ್ಟು), ಒಂದು ತಟ್ಟೆ ಸಾಕು. ದಕ್ಷಿಣಕ್ಕೆ ಮುಖ, ಜನಿವಾರ ಬಲಭುಜಕ್ಕೆ, ನೀರು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಪಿತೃತೀರ್ಥದಿಂದ ಬೀಳಬೇಕು. ಬೆರಳ ತುದಿಯಿಂದ ಬಿಟ್ಟರೆ ಅದು ದೇವತರ್ಪಣ. ತಂದೆ ಬದುಕಿರುವವರು ಇದನ್ನು ಮಾಡುವಂತಿಲ್ಲ.

ತರ್ಪಣ ಪಡೆಯುವವರು ತಂದೆಯ ಕಡೆ ಮೂವರು, ತಾಯಿ ಅಜ್ಜಿ ಮುತ್ತಜ್ಜಿ ಮೂವರು, ತಾಯಿಯ ತವರಿನ ತಾತಂದಿರು ಮೂವರು, ಅವರ ಹೆಂಡತಿಯರು ಮೂವರು. ಒಟ್ಟು ಹನ್ನೆರಡು ಜನ, ಒಬ್ಬೊಬ್ಬರಿಗೆ ಮೂರು ಸಲದಂತೆ 36 ಸಲ ನೀರು. ತಂದೆ ವಸುರೂಪ, ತಾತ ರುದ್ರರೂಪ, ಮುತ್ತಾತ ಆದಿತ್ಯರೂಪ ಎಂದು ಆ ದೇವತೆಗಳ ರೂಪದಲ್ಲಿ ಅವರನ್ನು ನೆನೆಯುತ್ತಾರೆ. ಕರ್ಮ ನಿಂತುಹೋಗುವುದು ಹೆಸರಿಲ್ಲದೆ. ತಾಯಿಯ ತಾಯಿಯ ಹೆಸರೇ ಗೊತ್ತಿಲ್ಲದವರಿದ್ದಾರೆ, ಅವರ ಅತ್ತೆಯ ಹೆಸರಂತೂ ದೂರ. ಮನೆಯಲ್ಲಿ ಎಂಬತ್ತು ದಾಟಿದವರು ಇರುವಾಗಲೇ ಕೇಳಿ ಹನ್ನೆರಡು ಹೆಸರನ್ನೂ ಎರಡು ಕಡೆಯ ಗೋತ್ರವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಗೋತ್ರ ಸಿಗದಿದ್ದರೆ ಕಾಶ್ಯಪ ಎನ್ನುತ್ತಾರೆ, ಹೆಸರಿಗೆ ಅಂಥ ಸುಲಭದ ದಾರಿಯಿಲ್ಲ.

ಸೂತಕ ಬಂದು ಶ್ರಾದ್ಧ ತಪ್ಪಿದರೆ ಸೂತಕ ಕಳೆದ ದಿನವೇ ಮಾಡಬಹುದು. ಬೇರೆ ಅಡ್ಡಿಗೆ ಅಮಾವಾಸ್ಯೆ ಅಥವಾ ಬಹುಳ ಏಕಾದಶಿ. ತಿಂಗಳು ಗೊತ್ತಿದ್ದು ತಿಥಿ ತಿಳಿಯದವರಿಗೂ ಆ ತಿಂಗಳ ಅಮಾವಾಸ್ಯೆ. ಮಹಾಲಯ ಪಕ್ಷದಲ್ಲೇ ಮಾಡಲಾಗದವರಿಗೆ ಸೂರ್ಯ ವೃಶ್ಚಿಕ ರಾಶಿಗೆ ಹೋಗುವ ತನಕ, ಅಂದರೆ ನವೆಂಬರ್ ಮಧ್ಯದವರೆಗೆ ಅವಕಾಶವಿದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಆ ವರ್ಷವನ್ನೇ ಬಿಟ್ಟುಬಿಡುತ್ತಾರೆ.

ಹಳೇ ಮೈಸೂರು ಕಡೆ ಹಿರಿಯರಿಗೆ ಎಡೆ ಇಡುವ ಮನೆಗಳಿಗೆ ಅಪರಾಹ್ಣದ ಲೆಕ್ಕಕ್ಕಿಂತ ಅಮಾವಾಸ್ಯೆ ಯಾವಾಗ ಬಂದು ಯಾವಾಗ ಹೋಗುತ್ತದೆ ಎಂಬುದು ಬೇಕು. ಹೊಸ ಬಟ್ಟೆ ಇಟ್ಟು, ತೀರಿಕೊಂಡವರಿಗೆ ಇಷ್ಟವಾಗಿದ್ದ ಅಡುಗೆಯನ್ನೆಲ್ಲ ಬಾಳೆ ಎಲೆಗೆ ಬಡಿಸಿ, ಸಾಂಬ್ರಾಣಿ ಹಾಕಿ, ಸ್ವಲ್ಪ ಹೊತ್ತು ಬಾಗಿಲು ಮುಂದೆ ಮಾಡಿ ಹೊರಗೆ ಬರುವ ಈ ಪದ್ಧತಿ ಬಹಳ ಮನೆಗಳಲ್ಲಿ ಸಂಜೆಯದು. 2026ರಲ್ಲಿ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10, ಶನಿವಾರ. ಹಿಂದಿನ ರಾತ್ರಿ ಶುರುವಾಗಿ ಅಂದು ರಾತ್ರಿ ಒಂಬತ್ತು ದಾಟುವವರೆಗೂ ಇರುವುದರಿಂದ ಸಂಜೆ ಎಡೆಗೆ ತೊಡಕಿಲ್ಲ. ಎಡೆಗೆ ಮಾಂಸದ ಅಡುಗೆ ಮಾಡುವ, ಆದರೆ ಶನಿವಾರ ಮಾಂಸ ಮುಟ್ಟದ ಮನೆಗಳವರು ಪಕ್ಷದೊಳಗೆ ಬೇರೆ ದಿನ ಹುಡುಕಬೇಕಾಗುತ್ತದೆ, ಅವರಿಗೆ ಮುಂಚೆಯೇ ತಿಳಿದರೆ ಅನುಕೂಲ.

ಪರಾಭವ ಸಂವತ್ಸರದಲ್ಲಿ ಅಧಿಕ ಜ್ಯೇಷ್ಠ ಎಂಬ ಹೆಚ್ಚುವರಿ ತಿಂಗಳು ಇರುವುದರಿಂದ 2026ರ ಪಕ್ಷ ತಡವಾಗಿ ಸೆಪ್ಟೆಂಬರ್ 27ಕ್ಕೆ ಶುರುವಾಗುತ್ತದೆ. ಅದಕ್ಕೆ ಒಂದು ವಾರ ಮುಂಚೆ ಪಾಡ್ಯದಿಂದ ಅಮಾವಾಸ್ಯೆಯವರೆಗಿನ ಶ್ರಾದ್ಧ ದಿನಗಳ ಪಟ್ಟಿಯೊಂದನ್ನು ಪ್ರಕಟಿಸಿ, ಭರಣಿ ನಕ್ಷತ್ರದ ದಿನ, ಮುತ್ತೈದೆಯಾಗಿ ತೀರಿಕೊಂಡವರ ಅವಿಧವಾ ನವಮಿ, ಸಂನ್ಯಾಸಿಗಳ ದ್ವಾದಶಿ, ಅಪಘಾತ ಮತ್ತು ಆಯುಧದಿಂದ ತೀರಿಕೊಂಡವರ ಚತುರ್ದಶಿಯನ್ನು ಅದರಲ್ಲಿ ಗುರುತಿಸಿ. ಯಾವ ಗಣಿತದ ಪಂಚಾಂಗ ಎಂದೂ ಕೆಳಗೆ ಹಾಕಿ. ದಿನನಿತ್ಯದ ಅಂಕಣಕ್ಕೆ ಬೇಕಾದದ್ದು ಒಂದೇ ಸಾಲಿನ ಜಾಗ. ಅಕ್ಟೋಬರ್ 10ಕ್ಕೆ ಬೆಂಗಳೂರಿನ ಮಟ್ಟಿಗೆ ಅದು ಹೀಗಿರಬಹುದು: ಶ್ರಾದ್ಧ ತಿಥಿ ಅಮಾವಾಸ್ಯೆ, ಕುತಪ ಸುಮಾರು 11.43ರಿಂದ, ಅಪರಾಹ್ಣ ಸುಮಾರು 1.18ರಿಂದ 3.41.

– ಪೌರೋಹಿತ್ಯ ವೃತ್ತಿಯ ಓದುಗರು, ಮೈಸೂರು