ಬೀದರ್–ಶಿವಮೊಗ್ಗ ಫ್ಲೈಟ್ ಟೈಮ್ ಯಾರಿಗಾಗಿ?

ಸಂಪಾದಕರೇ,

ಬೀದರ್ ಏರ್‌ಪೋರ್ಟಿಂದ ಶಿವಮೊಗ್ಗ ಏರ್‌ಪೋರ್ಟಿಗೆ ಎಷ್ಟು ದೂರ ಅಂತ ನೆಟ್ಟಲ್ಲಿ ಹುಡುಕಿದ್ರೆ ಸುಮಾರು 490 ಕಿ.ಮೀ., ಫ್ಲೈಟ್ ಟೈಮ್ ಒಂದು ಗಂಟೆ ಚಿಲ್ಲರೆ ಅಂತ ಬರುತ್ತೆ. ಆದ್ರೆ ಹತ್ತೋಕೆ ವಿಮಾನ ಎಲ್ಲಿದೆ ಸ್ವಾಮಿ? ಈ ವೆಬ್‌ಸೈಟಿನವರು ಎರಡೂ ಕಡೆಯ ಅಕ್ಷಾಂಶ ರೇಖಾಂಶ ತಗೊಂಡು ನೇರ ಗೆರೆ ಎಳೆದು, ಗಂಟೆಗೆ 800 ಕಿ.ಮೀ. ಹೋಗೋ ದೊಡ್ಡ ಜೆಟ್ ಲೆಕ್ಕದಲ್ಲಿ ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿ ಬಿಡ್ತಾರೆ, ಅಷ್ಟೇ. ಬೆಂಗಳೂರಿಂದ ಶಿವಮೊಗ್ಗಕ್ಕೆ ಹಾರೋ ಎಟಿಆರ್ ಥರದ ಫ್ಯಾನ್ ವಿಮಾನದ ಸ್ಪೀಡೇ 500ರ ಆಸುಪಾಸು.

ಇದನ್ನ ಯಾಕೆ ಬರೀತಿದೀನಿ ಅಂದ್ರೆ ನಮ್ಮನೆ ಇರೋದು ಶಿವಮೊಗ್ಗದಲ್ಲಿ, ನನ್ನ ಕೆಲಸ ಬೀದರಲ್ಲಿ. ಅಪ್ಪನ್ನ ಆಸ್ಪತ್ರೆಗೆ ಸೇರಿಸಿದ ರಾತ್ರಿ ಅಮ್ಮ ಫೋನ್ ಮಾಡಿ, ಮೊಬೈಲಲ್ಲಿ ಒಂದು ಗಂಟೆ ಅಂತ ತೋರಿಸ್ತಿದೆ ಕಣೋ, ಬೆಳಗ್ಗೆ ಬಂದ್ಬಿಡ್ತೀಯಲ್ವಾ ಅಂದ್ರು, ಅವರಿಗೆ ಏನಂತ ಹೇಳ್ಲಿ? ಬೆಂಗಳೂರಿಗೆ ಹಾರಿ ಅಲ್ಲಿಂದ ಇನ್ನೊಂದು ವಿಮಾನ ಹಿಡಿದ್ರೆ ಗಾಳೀಲೇ 760 ಕಿ.ಮೀ. ಆಗುತ್ತೆ, ನೇರ ದೂರದ ಒಂದೂವರೆ ಪಟ್ಟು, ಅದೂ ಅವತ್ತೇ ಎರಡೂ ಸಿಕ್ಕಿದ್ರೆ. ಸಿಗಲಿಲ್ಲ. ಮರುದಿನ ಸಂಜೆ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು, ಶಿವಮೊಗ್ಗ ರೈಲು ಹಿಡಿದು, ಹೆಗಲ ಮೇಲಿನ ಬ್ಯಾಗ್ ಸಮೇತ ವಾರ್ಡಿಗೆ ಹೋದೆ.

2019ರ ನವೆಂಬರಲ್ಲಿ ಕಲಬುರಗಿ, 2020ರ ಫೆಬ್ರವರೀಲಿ ಬೀದರ್, 2023ರ ಆಗಸ್ಟಲ್ಲಿ ಶಿವಮೊಗ್ಗ, ಹೀಗೆ ಒಂದೊಂದೇ ಊರಿಂದ ಫ್ಲೈಟ್ ಶುರುವಾದಾಗ ನಮಗೆಲ್ಲ ನಿಜವಾಗ್ಲೂ ಖುಷಿಯಾಗಿತ್ತು, ಈಗ್ಲೂ ಅವು ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಹೆಚ್ಚಿನ ದಾರಿಯೆಲ್ಲ ಬೆಂಗಳೂರಿನಂಥ ದೊಡ್ಡ ಊರಿಗೇ ಹೋಗಿ ಸೇರುತ್ತೆ. ಸಣ್ಣ ಊರುಗಳಿಗೂ ವಿಮಾನ ಹಾರಿಸೋಕೆ ಅಂತ ಕೇಂದ್ರ ಸರ್ಕಾರ ತಂದ ಉಡಾನ್ ಸ್ಕೀಮಲ್ಲಿ ಕಂಪನಿಗಳು ಬಿಡ್ ಮಾಡಿ ಗೆದ್ದ ರೂಟಿಗಷ್ಟೇ ಸಬ್ಸಿಡಿ, ಅದೂ ಮೂರು ವರ್ಷ, ಹಾಗಾಗಿ ಜಿಲ್ಲೆಯಿಂದ ಜಿಲ್ಲೆಗೆ ಹಾರಿಸೋ ಸಾಹಸಕ್ಕೆ ಯಾರು ಕೈ ಹಾಕ್ತಾರೆ? ರಸ್ತೇಲಿ ಸುಮಾರು 600 ಕಿ.ಮೀ. ದೂರದ ಎರಡು ಊರು ಒಂದೇ ರಾಜ್ಯದಲ್ಲಿವೆ, ವರ್ಗಾವಣೆ ಆದ ನೌಕರರು, ಓದೋ ಮಕ್ಕಳು ಅತ್ತಿಂದಿತ್ತ ಓಡಾಡ್ತಾನೇ ಇರ್ತಾರೆ.

ನೇರ ಫ್ಲೈಟ್ ಕೊಡಿ ಅಂತ ಕೂಡ ಕೇಳ್ತಿಲ್ಲ, ದಿನಾ ಸೀಟ್ ತುಂಬಲ್ಲ ಅಂತ ನಮಗೂ ಗೊತ್ತು. ಬೀದರಿಂದ ಬಂದ ವಿಮಾನ ಬೆಂಗಳೂರಲ್ಲಿ ಇಳಿದು ಒಂದೆರಡು ಗಂಟೇಲಿ ಶಿವಮೊಗ್ಗದ್ದು ಹೊರಡೋ ಹಾಗೆ ಟೈಮಿಂಗ್ ಕೂಡಿಸೋಕೆ ರಾಜ್ಯ ಸರ್ಕಾರ ಕಂಪನಿಗಳನ್ನ ಒಂದ್ಸಲ ಕೂರಿಸ್ಕೊಂಡು ಮಾತಾಡ್ಬೋದಲ್ವಾ. ನಿಮ್ಮ ಪತ್ರಿಕೇಲೂ ಹೊಸ ಫ್ಲೈಟ್ ಸುದ್ದಿ ಹಾಕುವಾಗ ಬರೀ ಪ್ರಯಾಣದ ಅವಧಿ ಹಾಕಿ ಬಿಡ್ಬೇಡಿ ದಯವಿಟ್ಟು, ವಾರದಲ್ಲಿ ಯಾವ್ಯಾವ ದಿನ, ಎಷ್ಟೊತ್ತಿಗೆ, ಮುಂದಿನ ಊರಿಗೆ ಅವತ್ತೇ ಫ್ಲೈಟ್ ಸಿಗುತ್ತಾ ಅನ್ನೋದನ್ನೂ ಕೇಳಿ ಬರೀರಿ.

– ಒಬ್ಬ ಓದುಗ, ಬೀದರ್